ಎರಡು ಇಂಚಿನ ಒಳಗೆ

ನಮ್ಮ ಕಡೆ ಮಳೆಗೆ ಬರ ಬಿದ್ದಿದೆ, ಬೆಳಕಿಗೆ ಎಂದೂ ಬಿದ್ದಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಶಿವರಾತ್ರಿ ಕಳೆಯಿತೆಂದರೆ ಮುಂಜಾನೆ ಎಂಟಕ್ಕೇ ಬಿಸಿಲು ಕಣ್ಣು ಕುಕ್ಕುತ್ತದೆ. ಎರೆ ಹೊಲ ಆ ಬೆಳಕನ್ನು ನುಂಗಿಕೊಳ್ಳುತ್ತದೆ, ಸುಣ್ಣ ಬಳಿದ ಗೋಡೆ ಅದನ್ನು ತಿರುಗಿ ಮುಖಕ್ಕೆ ಎಸೆಯುತ್ತದೆ. ಮನೆಯೊಳಗೆ ಕಾಲಿಟ್ಟರೆ ಮಾತ್ರ ಕತ್ತಲು. ಬೆಳಕಿಂಡಿಯಿಂದ ಇಳಿದ ಒಂದು ಕೋಲು ಬೆಳಕು ಬಿಟ್ಟರೆ ಬೇರೇನೂ ಇರುವುದಿಲ್ಲ. ಹೊರಗೆ ಅತಿ, ಒಳಗೆ ಕೊರತೆ. ಈ ಎರಡರ ನಡುವಿನ ಹೊಸ್ತಿಲನ್ನು ಕ್ಯಾಮೆರಾ ಹೊತ್ತುಕೊಂಡು ದಾಟುವುದನ್ನು ನನಗೆ ಕಲಿಸಿದ್ದು ಕಾಂಪ್ಯಾಕ್ಟ್ ಪ್ರೈಮ್ ಎಂಬ ಸಣ್ಣ ಸಿನಿಮಾ ಲೆನ್ಸುಗಳು. ಅವುಗಳ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು.

ನಾನು ಕೆಲಸ ಶುರುಮಾಡಿದ್ದು ಸಿಂಧನೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಊರಿನಲ್ಲಿ ಮದುವೆಯ ಲೆಕ್ಕವೇ ಭತ್ತದ ಲೆಕ್ಕ. ರಾಶಿ ಮುಗಿದು ಗಿರಣಿಯಿಂದ ದುಡ್ಡು ಕೈಗೆ ಬಂದರೆ ಸ್ಟುಡಿಯೋದವರಿಗೆ ನಿದ್ದೆ ಇರುತ್ತಿರಲಿಲ್ಲ. ಊರೊಳಗಿನ ಮದುವೆ, ಆಂಧ್ರ ಕ್ಯಾಂಪುಗಳ ತೆಲುಗು ಮದುವೆ, ಶಾದಿಖಾನೆಯ ನಿಕಾ, ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳ ಬಂಗಾಳಿ ಮದುವೆ, ತಾಂಡಾದ ಮದುವೆ, ಎಲ್ಲವನ್ನೂ ತೆಗೆದಿದ್ದೇವೆ. ಒಂದೇ ತಾಲ್ಲೂಕಿನಲ್ಲಿ ಇಷ್ಟು ಬಗೆಯ ಮುಖ, ಇಷ್ಟು ಬಗೆಯ ಅಡುಗೆಮನೆ ಕಂಡ ಕ್ಯಾಮೆರಾದವರು ಕರ್ನಾಟಕದಲ್ಲಿ ಬೇರೆ ಕಡೆ ಕಡಿಮೆ ಇರಬೇಕು. ಆಗ ಎಲ್ಲರ ಕೈಯಲ್ಲೂ ಕ್ಯಾನನ್ 5ಡಿ ಮಾರ್ಕ್ 2. ಅದು 2008ರಲ್ಲಿ ಬಂದದ್ದು. ನಮ್ಮ ಕಡೆ ಮುಟ್ಟುವುದಕ್ಕೆ ಒಂದೆರಡು ವರ್ಷ ಹಿಡಿಯಿತು. ಮದುಮಗಳ ಹಿಂದಿನ ಪೆಂಡಾಲು ಮಸುಕಾಗಿ ಕರಗಿಹೋಗುವುದನ್ನು ನೋಡಿ ಬೀಗರು ಬೆರಗಾಗುತ್ತಿದ್ದರು.

ಆದರೆ ಫೋಟೋ ಲೆನ್ಸಿನಲ್ಲಿ ಸಿನಿಮಾ ತೆಗೆಯುವುದು ಬಲು ಕಷ್ಟದ ಕೆಲಸ. ಫೋಕಸ್ ರಿಂಗ್ ಹತ್ತಿರದಿಂದ ದೂರಕ್ಕೆ ಕಾಲು ಸುತ್ತಿನಲ್ಲಿ ಮುಗಿದುಹೋಗುತ್ತದೆ. ಬೆರಳು ಅಕ್ಕಿಕಾಳಿನಷ್ಟು ಸರಿದರೆ ಕಣ್ಣಿನ ಮೇಲಿದ್ದ ಫೋಕಸ್ ಕಿವಿಗೆ ಹೋಗಿರುತ್ತದೆ. ಫೋಟೋಕ್ಕೆ ಅದು ಸರಿ, ಅಲ್ಲಿ ಬೇಗ ತಿರುಗಬೇಕು, ಬೇಗ ಹೊಡೆಯಬೇಕು. ಸಿನಿಮಾದಲ್ಲಿ ಮನುಷ್ಯ ನಡೆದು ಬರುತ್ತಿರುತ್ತಾನೆ, ಅವನ ಜೊತೆಗೇ ಫೋಕಸ್ ಕೂಡ ನಡೆಯಬೇಕು.

ಗುಳೆ ಹೋಗುವವರ ಮೇಲೆ ಸಾಕ್ಷ್ಯಚಿತ್ರ ಮಾಡಲು ಬೆಂಗಳೂರಿನಿಂದ ಒಂದು ಸಣ್ಣ ತಂಡ ಬಂದಾಗ ಊರು ಗೊತ್ತಿರುವವನೆಂದು ನನ್ನನ್ನು ಸೇರಿಸಿಕೊಂಡರು. ರಿಂಗ್ ತಿರುಗಿಸುವ ಕೈ ನೋಡಿ ಫೋಕಸ್ ಪುಲ್ಲರ್ ಕೆಲಸ ಕೊಟ್ಟರು. ಅವರ ಕ್ಯಾಮೆರಾ ರೆಡ್ ಸ್ಕಾರ್ಲೆಟ್, 4ಕೆ. ಲೆನ್ಸುಗಳು ಬಾಡಿಗೆಯವು, ಝೈಸ್ ಕಂಪನಿಯ ಸಿಪಿ.2, ಅಂದರೆ ಕಾಂಪ್ಯಾಕ್ಟ್ ಪ್ರೈಮ್. ಸುಮಾರು 400 ಕಿಲೋಮೀಟರ್ ರಾತ್ರಿ ಬಸ್ಸಿನಲ್ಲಿ, ಸಹಾಯಕ ಹುಡುಗನ ತೊಡೆಯ ಮೇಲೆ ಕೂತು ಬಂದ ಕಪ್ಪು ಪೆಟ್ಟಿಗೆ. ಮುಚ್ಚಳ ತೆಗೆದರೆ ಸ್ಪಂಜಿನ ಗುಳಿಗಳಲ್ಲಿ 25, 35, 50, 85 ಮಿಲಿಮೀಟರ್ ಲೆನ್ಸುಗಳು; ಅಂಕಿ ಸಣ್ಣದಾದಷ್ಟೂ ನೋಟ ಅಗಲ. ಗಾಂಧಿನಗರದ ಹಳೆಯ ಸಹಾಯಕರು ಇಂಥವನ್ನು ಬ್ಲಾಕ್ ಲೆನ್ಸ್ ಎನ್ನುತ್ತಾರೆ: ಝೂಮ್ ಇಲ್ಲ, ಒಂದೊಂದಕ್ಕೂ ಒಂದೊಂದೇ ನೋಟ.

50ರ ಲೆನ್ಸನ್ನು ಮೊದಲು ಎತ್ತಿಕೊಂಡೆ. ತೂಕ ಸುಮಾರು ಒಂದು ಕಿಲೋ. ಮೈತುಂಬ ಅಂಕಿ. ರಿಂಗಿನ ಅಂಚಿನಲ್ಲಿ ಹಲ್ಲು ಕೊರೆದಿದೆ, ಫಾಲೋ ಫೋಕಸ್ ಚಕ್ರ ಕಚ್ಚಿಕೊಳ್ಳಲಿಕ್ಕೆ. ತಿರುಗಿಸುತ್ತ ಹೋದೆ, ತಿರುಗುತ್ತಲೇ ಇತ್ತು. 300 ಡಿಗ್ರಿ! ಐದು ಅಡಿ ಮತ್ತು ಆರು ಅಡಿಯ ನಡುವೆ ಹೆಬ್ಬೆರಳು ಇಟ್ಟು ಉಸಿರಾಡುವಷ್ಟು ಜಾಗ. ಎಣ್ಣೆ ಸವರಿದ ಹಾಗೆ ಒಂದೇ ಸಮನಾದ ಬಿಗಿ, ಎಲ್ಲಿಯೂ ಸಡಿಲವಿಲ್ಲ, ಎಲ್ಲಿಯೂ ತಡೆಯಿಲ್ಲ. ಒಳಗೆ ನೋಡಿದರೆ ಐರಿಸಿನ 14 ಎಲೆಗಳು ಸೇರಿ ದುಂಡಗಿನ ಕಿಂಡಿ ಮಾಡಿದ್ದವು.

ಇದು ಬಹಳ ದುಬಾರಿ ಲೆನ್ಸ್ ಅಲ್ಲ ಎಂಬುದು ಆಮೇಲೆ ತಿಳಿಯಿತು. ದೊಡ್ಡ ಸಿನಿಮಾಗಳಲ್ಲಿ ಬಳಸುವ ಮಾಸ್ಟರ್ ಪ್ರೈಮ್ 2005ರಲ್ಲಿ ಬಂದವು. ಟಿ 1.3ರಷ್ಟು ತೆರೆಯುತ್ತವೆ (ಟಿ ಅಂಕಿ ಸಣ್ಣದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು), ಒಂದೊಂದೂ ಎರಡು ಕಿಲೋಗೂ ಹೆಚ್ಚು. ಅವುಗಳ ಪೆಟ್ಟಿಗೆಗೇ ಒಂದು ಗಾಡಿ ಬೇಕು, ಅವುಗಳನ್ನು ಹೊರುವ ಕ್ಯಾಮೆರಾ ದೊಡ್ಡದಿರಬೇಕು, ಆ ಕ್ಯಾಮೆರಾ ಇಡಲು ಜಾಗ ಬೇಕು. 2010ರಲ್ಲಿ ಝೈಸ್‌ನವರು ತಮ್ಮ ಫೋಟೋ ಲೆನ್ಸುಗಳ ಗಾಜನ್ನೇ ಸಿನಿಮಾ ಮೈಯೊಳಗೆ ಕೂರಿಸಿ ಸಿಪಿ.2 ತಂದರು. ಮುಂಭಾಗ ಬಹುತೇಕ ಎಲ್ಲಕ್ಕೂ 114 ಮಿಲಿಮೀಟರ್, ಹಲ್ಲಿನ ಸಾಲು ಒಂದೇ ಸ್ಥಾನದಲ್ಲಿ. ಲೆನ್ಸ್ ಬದಲಿಸಿದರೆ ಉಳಿದ ಸರಂಜಾಮು ಕದಲಿಸಬೇಕಿಲ್ಲ. ಹಿಂಭಾಗದ ಮೌಂಟ್ ಬಿಚ್ಚಿ ಬೇರೆ ಹಾಕಬಹುದು, ಹಾಗಾಗಿ ಸಿನಿಮಾ ಕ್ಯಾಮೆರಾಕ್ಕೂ ಆಯಿತು, ಮದುವೆಯ 5ಡಿಗೂ ಆಯಿತು. 2017ರಲ್ಲಿ ಬಂದ ಸಿಪಿ.3 ಇನ್ನೂ ಸಣ್ಣದು, ಮುಂಭಾಗ 95 ಮಿಲಿಮೀಟರ್. ಕ್ಯಾನನ್, ಕುಕ್, ಶ್ನೈಡರ್ ಎಲ್ಲರೂ ಇದೇ ಹಾದಿಯಲ್ಲಿ ಒಂದೊಂದು ಸೆಟ್ ಮಾಡಿದರು. ಗಾಜಿನ ಗುಣದ ಬಗ್ಗೆ ಛಾಯಾಗ್ರಾಹಕರು ರಾತ್ರಿಯಿಡೀ ವಾದ ಮಾಡುತ್ತಾರೆ. ನನ್ನ ಮಟ್ಟಿಗೆ ಅವುಗಳ ದೊಡ್ಡ ಗುಣ ಅವು ಸಣ್ಣವಾಗಿದ್ದದ್ದೇ. ಹತ್ತು ಅಡಿ, ಹನ್ನೆರಡು ಅಡಿಯ ಜನತಾ ಮನೆಯೊಳಗೆ ಅವು ಹಿಡಿಸಿದವು.

ಮಸ್ಕಿ ಹತ್ತಿರದ ಒಂದು ಹಳ್ಳಿಯಲ್ಲಿ ಅಂಥದೇ ಮನೆ. ಮಗ ಸೊಸೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಮೊಮ್ಮಕ್ಕಳನ್ನು ನೋಡಿಕೊಂಡು ಅಜ್ಜಿ ಉಳಿದಿದ್ದಳು. ನಮ್ಮ ಭಾಗದಲ್ಲಿ ಇದು ಹೊಸ ಕತೆಯಲ್ಲ. ಕಾಲುವೆ ಹರಿದ ಹೊಲದಲ್ಲಿ ಎರಡು ಬೆಳೆ, ಅದರ ಮೇಲ್ಮಗ್ಗುಲಿನ ಒಣ ಹೊಲದಲ್ಲಿ ಒಂದಕ್ಕೂ ಖಾತ್ರಿಯಿಲ್ಲ. ಒಂದೇ ಜಿಲ್ಲೆಯೊಳಗೆ ಒಬ್ಬನ ಗಿರಣಿ, ಇನ್ನೊಬ್ಬನ ಗುಳೆ. ಮುಂಜಾನೆ ಅಜ್ಜಿ ರೊಟ್ಟಿಗೆ ಕೂರುತ್ತಿದ್ದಳು. ಬಾಗಿಲಿನಿಂದ ಬರುವ ಬೆಳಕು, ಒಲೆಯ ಬೆಳಕು, ಅಷ್ಟೇ. ಲೈಟು ಹಾಕಬಾರದೆಂದು ನಿರ್ದೇಶಕರು ಹೇಳಿದ್ದರು, ನನಗೂ ಅದೇ ಸರಿ ಅನ್ನಿಸಿತ್ತು.

85ರ ಲೆನ್ಸ್, ಟಿ 2.1, ಅಜ್ಜಿ ಇದ್ದದ್ದು ಆರು ಅಡಿಯಲ್ಲಿ. ಈ ಲೆಕ್ಕದಲ್ಲಿ ಚೊಕ್ಕವಾಗಿ ಕಾಣುವ ಆಳ ಹೆಚ್ಚೂಕಮ್ಮಿ ಎರಡು ಇಂಚು. ದೊಡ್ಡ ಪರದೆಯ 4ಕೆಗೆ ಅಷ್ಟೂ ಸಿಗುವುದಿಲ್ಲ. ಎಚ್‌ಡಿ ಚಿತ್ರದಲ್ಲಿ ಸುಮಾರು 20 ಲಕ್ಷ ಚುಕ್ಕೆ, 4ಕೆಯಲ್ಲಿ 88 ಲಕ್ಷ. ಹಿಂದೆ ಮುಚ್ಚಿಹೋಗುತ್ತಿದ್ದ ಸಣ್ಣ ತಪ್ಪು ಇಲ್ಲಿ ಚಿತ್ರಮಂದಿರದ ಕೊನೆಯ ಸಾಲಿಗೂ ಕಾಣುತ್ತದೆ. ಮೊದಲು ಟೇಪ್ ಹಿಡಿದೆ. ಟೇಪನ್ನು ಲೆನ್ಸಿನ ಮೂತಿಯಿಂದ ಹಿಡಿಯುವುದಿಲ್ಲ; ಕ್ಯಾಮೆರಾದ ಮೈಮೇಲೆ ವೃತ್ತಕ್ಕೆ ಅಡ್ಡಗೆರೆ ಎಳೆದ ಗುರುತಿರುತ್ತದೆ, ಅದು ಸೆನ್ಸರ್ ಇರುವ ಜಾಗ, ಅಲ್ಲಿಂದ ಹಿಡಿಯಬೇಕು. ಅಲ್ಲಿಂದ ಅಜ್ಜಿಯ ಕಣ್ಣಿನವರೆಗೆ. ಹಿಟ್ಟು ನಾದುವಾಗ ಒಂದು ಅಳತೆ, ರೊಟ್ಟಿ ಬಡಿಯಲು ಮುಂದೆ ಬಾಗಿದಾಗ ಇನ್ನೊಂದು, ಹಂಚಿನ ಕಡೆ ತಿರುಗಿದಾಗ ಮತ್ತೊಂದು. ರಿಂಗಿನ ಬಿಳಿ ಪಟ್ಟಿಯ ಮೇಲೆ ಪೆನ್ಸಿಲಿನಿಂದ ಮೂರು ಗೆರೆ ಹಾಕಿಕೊಂಡೆ.

ಗೆರೆ ಎಳೆದರೆ ಸಾಲದು, ಅವಳು ಯಾವಾಗ ಬಾಗುತ್ತಾಳೆಂದು ಮೊದಲೇ ತಿಳಿಯಬೇಕು. ಮಾನಿಟರ್ ನೋಡಿ ತಿರುಗಿಸಿದರೆ ಆಗಲೇ ತಡ. ಅವಳ ಕೈಯ ಬಳೆ ಕೇಳುತ್ತ ಕೂತೆ. ರೊಟ್ಟಿ ಬಡಿಯುವ ಸದ್ದಿಗೆ ಒಂದು ಲಯವಿದೆ. ಬಡಿತ ಬಿರುಸಾಗಿ, ಒಮ್ಮೆ ನಿಂತು, ಬಳೆ ಹಿಂದಕ್ಕೆ ಜಾರಿದ ಸದ್ದು ಬಂದರೆ ಈಗ ಹಂಚಿನ ಕಡೆ ತಿರುಗುತ್ತಾಳೆ ಎಂದರ್ಥ. ಆ ಸದ್ದಿಗೆ ನನ್ನ ಕೈ ಹೊರಡುತ್ತಿತ್ತು. ಗಾಜು, ಹಲ್ಲು, ಅಂಕಿ ಎಲ್ಲ ಜರ್ಮನ್ ಕಂಪನಿಯದು. ಅದನ್ನು ತಿರುಗಿಸಬೇಕಾದ ಹೊತ್ತನ್ನು ಹೇಳಿಕೊಟ್ಟದ್ದು ನಮ್ಮ ಜೋಳದ ರೊಟ್ಟಿ. ಚಿಕ್ಕಂದಿನಿಂದ ಆ ಸದ್ದಿನಲ್ಲೇ ಬೆಳೆದವನಿಗೆ ಅದು ಸುಲಭ. ಬೇರೆ ಊರಿನ ಎಂಥ ನುರಿತ ಫೋಕಸ್ ಪುಲ್ಲರ್ ಬಂದರೂ ಅದನ್ನು ಕೂತು ಕಲಿಯಬೇಕು.

ಕೆಲಸ ಮುಗಿದ ಮೇಲೆ ಅಜ್ಜಿಗೆ ಮಾನಿಟರಿನಲ್ಲಿ ತೋರಿಸಿದೆವು. ಅದಕ್ಕೂ ಮುಂಚೆ 25ರಲ್ಲಿ ಇಡೀ ಕೋಣೆಯನ್ನೂ ತೆಗೆದಿದ್ದೆವು. ಅವಳು ಮುಖ ನೋಡಿಕೊಳ್ಳಲಿಲ್ಲ, ಗೋಡೆ ನೋಡಿದಳು. "ಗ್ವಾಡಿ ಬಿರುಕೆಲ್ಲ ಕಾಣ್ತದಲ್ಲಪ. ಮಗ ನೋಡಿದ್ರ ಬ್ಯಾಸರ ಮಾಡ್ಕೊಂತಾನ."

ಆ ಮಾತು ಕೇಳಿ ನಾವೆಲ್ಲ ಸುಮ್ಮನಾದೆವು. 4ಕೆ ಎಂದು ಕೊಂಡಾಡುವುದು ಇದನ್ನೇ ಅಲ್ಲವೇ: ಗೋಡೆಯ ಬಿರುಕು, ಹಂಚಿನ ಮಸಿ, ಸೀರೆಯ ಹೊಲಿಗೆ, ಎಲ್ಲವೂ ಒಂದೂ ಬಿಡದೆ. ಬಡವರ ಮನೆಗೆ ಕ್ಯಾಮೆರಾ ಒಯ್ದವರು ಬಡತನವನ್ನು ಆದಷ್ಟು ಚೊಕ್ಕವಾಗಿ ಕಾಣಿಸಿದರೆ ಅದೇ ಸತ್ಯ ಎಂದುಕೊಳ್ಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಮನೆ ಅವಳದು. ಅದರಲ್ಲಿ ಯಾವುದು ಕಾಣಬೇಕು ಎನ್ನುವುದರಲ್ಲಿ ಅವಳ ಮಾತೂ ನಡೆಯಬೇಕು. ನಿರ್ದೇಶಕರು ದೊಡ್ಡ ಮನಸ್ಸಿನವರು, ಅಗಲ ನೋಟ ಕೈಬಿಟ್ಟರು. ಮರುದಿನ ಉಳಿದದ್ದನ್ನೆಲ್ಲ 50 ಮತ್ತು 85ರಲ್ಲಿ ತೆಗೆದೆವು. ಅವಳ ಕಣ್ಣು, ಬೆರಳು, ಹಿಟ್ಟು ಚೊಕ್ಕ. ಹಿಂದಿನ ಗೋಡೆ ಮಣ್ಣಿನ ಬಣ್ಣವಾಗಿ ಹಿಂದೆ ಸರಿಯಿತು. ಚಿತ್ರದ ವಿವರ ಹೆಚ್ಚಿದಷ್ಟೂ ಏನನ್ನು ಮಸುಕಾಗಿಸಬೇಕು ಎಂಬ ಜವಾಬ್ದಾರಿಯೂ ಹೆಚ್ಚುತ್ತದೆ. ಆ ಎರಡು ಇಂಚನ್ನು ಎಲ್ಲಿಡಬೇಕೆಂದು ಯೋಚಿಸುವುದೇ ಫೋಕಸ್ ಪುಲ್ಲರ್ ಕೆಲಸ. ನಾನು ಅಂದಿನಿಂದ ಈ ಕೆಲಸವನ್ನು ಹಾಗೇ ನೋಡಿಕೊಂಡು ಬಂದಿದ್ದೇನೆ.

ಮಸ್ಕಿಗೆ ಹೋದ ಮೇಲೆ ಅಶೋಕನ ಶಾಸನ ತೆಗೆಯದೆ ಬರುವುದು ಹೇಗೆ? 1915ರಲ್ಲಿ ಸಿ. ಬೀಡನ್ ಎಂಬ ಎಂಜಿನಿಯರು ಚಿನ್ನದ ನಿಕ್ಷೇಪ ಹುಡುಕುತ್ತ ಬಂದವನು ಈ ಬಂಡೆಯ ಅಕ್ಷರ ಕಂಡ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರೇ ಕೊರೆದಿದ್ದದ್ದು ಮೊದಲು ಸಿಕ್ಕಿದ್ದು ಇಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳಗಳಲ್ಲೂ ಸಿಕ್ಕಿತು. ಅನುಮತಿ ಪಡೆದು ಹೋಗಿದ್ದೆವು. ನಡು ಮಧ್ಯಾಹ್ನ ನೋಡಿದರೆ ಬಂಡೆ ಬರೀ ಬಂಡೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಕೊರೆತ ಸವೆದಿದೆ. ಅಕ್ಷರದ ತಗ್ಗಿಗೆ ನೆರಳು ಬೀಳದಿದ್ದರೆ ಯಾವ ಲೆನ್ಸಿಗೂ ಅದು ಸಿಗುವುದಿಲ್ಲ. ಓರೆ ಬೆಳಕು ಬೇಕು.

ಆಗ ನನಗೆ ನೆನಪಾದವರು ವಿ.ಕೆ. ಮೂರ್ತಿ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಛಾಯಾಗ್ರಹಣ ಕಲಿತು, ಗುರುದತ್ತರ ಕಣ್ಣಾಗಿ ದುಡಿದವರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, 1959ರ 'ಕಾಗಜ್ ಕೆ ಫೂಲ್', ಅವರದೇ ಕೆಲಸ. ಅದರಲ್ಲಿ ಸ್ಟುಡಿಯೋದ ಕತ್ತಲೆಯನ್ನು ಸೀಳಿ ಇಳಿಯುವ ಬೆಳಕಿನ ಕೋಲನ್ನು ಅವರು ಮಾಡಿದ್ದು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ನಮ್ಮ ಹತ್ತಿರ ಅಷ್ಟು ದೊಡ್ಡ ಕನ್ನಡಿ ಎಲ್ಲಿ? ಪೇಟೆಯ ಕ್ಷೌರದಂಗಡಿಯಿಂದ ಒಂದು ಕನ್ನಡಿ ಎರವಲು ತಂದೆವು. ಬೆಟ್ಟದ ಬಯಲಿನಲ್ಲಿ ಒಬ್ಬ ಹುಡುಗ ಅದನ್ನು ಎದೆಗೆ ಒರಗಿಸಿಕೊಂಡು ನಿಂತ. ಬಿಸಿಲು ಬಂಡೆಯ ಮೈಗೆ ಅಡ್ಡಲಾಗಿ ಉಜ್ಜಿಕೊಂಡು ಹೋದ ಕೂಡಲೇ ಸಾಲು ಸಾಲಾಗಿ ಬ್ರಾಹ್ಮಿ ಎದ್ದಿತು. ತೀರ ಹತ್ತಿರದಿಂದ ತೆಗೆಯುವ 50ರ ಮ್ಯಾಕ್ರೋ ಲೆನ್ಸ್ ಹಾಕಿ, ಐರಿಸ್ ಟಿ 8ಕ್ಕೆ ಮುಚ್ಚಿ, ಒಂದೊಂದೇ ಅಕ್ಷರದ ಮೇಲೆ ಸರಿದೆವು. ಉಳಿಯ ಪೆಟ್ಟು ಎಲ್ಲಿ ಆಳ, ಎಲ್ಲಿ ತೇಲು ಎನ್ನುವುದೂ ಕಾಣುತ್ತಿತ್ತು. ಅಲ್ಲಿ ಮಾತ್ರ ನಾನು 4ಕೆಯ ಪ್ರತಿ ಚುಕ್ಕೆಗೂ ಋಣಿ. ಕನ್ನಡಿ ಹಿಡಿದ ಹುಡುಗ ಶಾಲೆಯಲ್ಲಿ ಈ ಶಾಸನದ ಬಗ್ಗೆ ಬಾಯಿಪಾಠ ಮಾಡಿದ್ದನಂತೆ. ಅಕ್ಷರಗಳನ್ನು ಇಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು ಎಂದ.

ಮುದಗಲ್ಲಿನ ಮೊಹರಂ ಬೇರೆಯದೇ ಪಾಠ. ಲಿಂಗಸುಗೂರು ತಾಲ್ಲೂಕಿನ ಈ ಕೋಟೆ ಊರಿಗೆ ಹುಸೇನಿ ಆಲಂ ನೋಡಲು ಹಿಂದೂ ಮುಸ್ಲಿಂ ಎನ್ನದೆ ಜನ ಬರುತ್ತಾರೆ, ಮಹಾರಾಷ್ಟ್ರ, ತೆಲಂಗಾಣದಿಂದಲೂ ಬರುತ್ತಾರೆ. ಹಗಲಿನ ಉರಿಬಿಸಿಲಿನಲ್ಲಿ ನಮ್ಮ ಕ್ಯಾಮೆರಾದ ಲೆಕ್ಕ ಹೀಗೆ: ಐಎಸ್‌ಒ 800 ಇಟ್ಟುಕೊಂಡು ಲೆನ್ಸನ್ನು ಟಿ 2.8ಕ್ಕೆ ತೆರೆಯಬೇಕೆಂದರೆ ಒಂಬತ್ತು ಸ್ಟಾಪ್ (ಒಂದೊಂದಕ್ಕೂ ಬೆಳಕು ಅರ್ಧ) ಬೆಳಕು ತಡೆಯುವ ಎನ್‌ಡಿ ಫಿಲ್ಟರ್ ಬೇಕು, ಬಂದ ಬೆಳಕಿನ 512ರಲ್ಲಿ ಒಂದು ಪಾಲು ಮಾತ್ರ ಒಳಗೆ. ಸಾಧಾರಣ ಎನ್‌ಡಿ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ, ಕಾಣದ ಇನ್‌ಫ್ರಾರೆಡ್ ಅನ್ನು ಬಿಟ್ಟುಬಿಡುತ್ತದೆ. ಕಪ್ಪು ಟೆರಿಕಾಟ್ ಅಂಗಿ ತೊಟ್ಟ ಹುಡುಗರು ಪರೀಕ್ಷೆಯ ಚಿತ್ರದಲ್ಲಿ ಕಂದುಗೆಂಪಾಗಿ ಕಂಡರು! ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಹಾಕಿದ ಮೇಲೆ ಕಪ್ಪು ಕಪ್ಪಾಯಿತು. ಲೆನ್ಸುಗಳೆಲ್ಲ ಒಂದೇ ಅಳತೆಯವು ಆದ್ದರಿಂದ ಒಂದೇ ಜೊತೆ ಫಿಲ್ಟರ್ ಎಲ್ಲಕ್ಕೂ ಸಾಕಾಯಿತು. ಆ ನೂಕುನುಗ್ಗಲಿನಲ್ಲಿ ಅದೊಂದು ದೊಡ್ಡ ಉಪಕಾರ.

ರಾತ್ರಿ ಎಲ್ಲ ಫಿಲ್ಟರ್ ತೆಗೆದು, ಐರಿಸ್ ಪೂರ್ತಿ ತೆರೆದು, ಮೊಹರಂ ಬೆಂಕಿಯ ಗುಂಡಿಯಾದ ಅಲಾಯಿ ಕುಣಿಯ ಸುತ್ತ ನಿಂತೆವು. ಬೆಂಕಿಯ ಬೆಳಕಿನಲ್ಲಿ ಹೆಜ್ಜೆ ಹಾಕುವವರನ್ನು ಟೇಪ್ ಹಿಡಿದು ಅಳೆಯಲು ಸಾಧ್ಯವೇ? ಅಲ್ಲಿ ಕಣ್ಣಳತೆಯೇ ಗತಿ. ಕುಣಿತದ ವರ್ತುಲ ನನ್ನಿಂದ ಎಷ್ಟು ದೂರ ಎನ್ನುವುದನ್ನು ಸಂಜೆಯೇ ಹೆಜ್ಜೆ ಇಟ್ಟು ಅಳೆದುಕೊಂಡಿದ್ದೆ. 35ರಲ್ಲಿ ಒಂದಷ್ಟು ಆಳ ಸಿಗುತ್ತದೆ, ಹಲಗೆಯ ಪೆಟ್ಟು ನಡೆಸಿಕೊಂಡು ಹೋಗುತ್ತದೆ. ಬಾಗಿ ಬಂದು ಹಿಂದೆ ಸರಿಯುವ ಹೆಜ್ಜೆಗೆ ನನ್ನ ಮಣಿಕಟ್ಟೂ ಮುಂದೆ ಹಿಂದೆ. ದೊಡ್ಡ ಸರಂಜಾಮು ಆ ಜನರ ನಡುವೆ ನಿಲ್ಲುತ್ತಲೇ ಇರಲಿಲ್ಲ. ನಮ್ಮದು ಎದೆಗೆ ಅವಚಿಕೊಳ್ಳುವಷ್ಟಿತ್ತು, ಕುಣಿಯುವವರು ತಾವಾಗಿ ಸುತ್ತು ಬಳಸಿ ಹೋದರು.

ಬೇಸಿಗೆಯ ವಿಷಯವನ್ನೂ ಹೇಳಲೇಬೇಕು. ಏಪ್ರಿಲಿನಲ್ಲಿ ಲೋಹ ಹಿಗ್ಗುತ್ತದೆ. ಕ್ಯಾನನ್ ಮೌಂಟಿನಿಂದ ಸೆನ್ಸರಿನವರೆಗೆ ಇರಬೇಕಾದ 44 ಮಿಲಿಮೀಟರ್‌ನಲ್ಲಿ ಕೂದಲೆಳೆಗಿಂತ ಕಡಿಮೆ ವ್ಯತ್ಯಾಸವಾದರೂ 25ರಂಥ ಅಗಲ ಲೆನ್ಸಿನ ಅಂಕಿ ಸುಳ್ಳು ಹೇಳತೊಡಗುತ್ತದೆ. ಬಾಡಿಗೆಗೆ ಬರುವ ಪೆಟ್ಟಿಗೆಗಳಲ್ಲಿ ಮೌಂಟ್ ಬದಲಿಸುವಾಗ ಶಿಮ್ ಎಂಬ ತೆಳು ಬಿಲ್ಲೆ ಸರಿಯಾಗಿ ಕೂರಿಸದವೂ ಇರುತ್ತಿದ್ದವು. ಹಾಗಾಗಿ ದಿನಾ ಮುಂಜಾನೆ ಬೇವಿನ ನೆರಳಿನಲ್ಲಿ ಫೋಕಸ್ ಚಾರ್ಟ್ ನೇತುಹಾಕಿ ಪ್ರತಿ ಲೆನ್ಸನ್ನೂ ಆರು ಅಡಿಗೆ, ಹತ್ತು ಅಡಿಗೆ ಪರೀಕ್ಷಿಸಿದ ಮೇಲೆಯೇ ನನ್ನ ಚಹಾ. ಇನ್ನು ಹೊಲದ ಮೇಲಿನ ಕಾವು. ಸಿಂಧನೂರಿನ ಎರೆ ಬಯಲಿನಲ್ಲಿ ದೂರದ ಟ್ರ್ಯಾಕ್ಟರನ್ನು 135ರಲ್ಲಿ ಹಿಡಿಯಲು ಹೋದರೆ ಒಂಬತ್ತು ಗಂಟೆಯ ನಂತರ ಅದು ನೀರಿನಲ್ಲಿ ಅದ್ದಿದಂತೆ ತೇಲುತ್ತದೆ. ಬಿಸಿ ಗಾಳಿಯ ಪದರಗಳೇ ಬೆಳಕನ್ನು ಅತ್ತಿತ್ತ ಬಗ್ಗಿಸುತ್ತವೆ. ಅದಕ್ಕೆ 4ಕೆ ಕ್ಯಾಮೆರಾ ತಂದರೂ ಅಷ್ಟೇ, 8ಕೆ ತಂದರೂ ಅಷ್ಟೇ. ನಮ್ಮ ನೆಲದಲ್ಲಿ ಚಿತ್ರದ ಚೊಕ್ಕತನ ಬೇಕಾದವರು ಹತ್ತಿರ ಹೋಗಬೇಕು, ಇಲ್ಲವೇ ನಸುಕಿನಲ್ಲಿ ಏಳಬೇಕು.

ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಬದಲಾಗುವ ಹೊತ್ತಿನ ಗೇಟು, ಜವಳಗೇರಾ ಕಡೆಯ ನಾಟಿ, ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಗಂಟುಮೂಟೆಯೊಂದಿಗೆ ಬೆಂಗಳೂರು ಬಸ್ಸಿಗೆ ಕಾದವರು, ಹೀಗೆ ಒಂದರ ಹಿಂದೆ ಒಂದು ಕೆಲಸ ಬಂದವು. ಎಲ್ಲವನ್ನೂ ಇಲ್ಲಿ ಬರೆಯಲಾರೆ.

2024ರಲ್ಲಿ ಎರಡು ಸಂಗತಿ ನಡೆದವು. ಕಾರಟಗಿಯಲ್ಲೇ ನಿಂತಿದ್ದ ರೈಲು ಸಿಂಧನೂರಿಗೆ ಬಂತು. ಅದೇ ವರ್ಷ ನಮ್ಮ ಭಾಗದ ಉತ್ಸವ್ ಗೋನವಾರ ನಿರ್ದೇಶಿಸಿದ 'ಫೋಟೋ' ತೆರೆಗೆ ಬಂತು. ವಿಧಾನಸೌಧದ ಮುಂದೆ ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬ ಹುಡುಗನ ಆಸೆ, 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ಹೊರಟ ಕೂಲಿಯವರ ದಾರಿ. ನಮ್ಮ ಮಾತನ್ನು ತಿದ್ದದೆ, ತೊಳೆಯದೆ ಹಾಗೇ ಇಟ್ಟಿದ್ದಾರೆ. ಅದನ್ನು ನೋಡಿದ ಹುಡುಗರು ಈಗ ನನ್ನ ಬಳಿ ಬರುತ್ತಾರೆ. ಇವರ ಕಾಲಕ್ಕೆ ಚೀನಾದ ಸಣ್ಣ ಸಿನಿಮಾ ಲೆನ್ಸುಗಳೂ ಬಂದಿವೆ. 2020ರಲ್ಲಿ ಬಂದ ಡಿಝಡ್‌ಒ ವೆಸ್ಪಿಡ್‌ನ ಮುಂಭಾಗ 80 ಮಿಲಿಮೀಟರ್, ತೆರವು ಅದೇ ಟಿ 2.1, ಬೆಲೆ ಝೈಸಿನದಕ್ಕಿಂತ ಎಷ್ಟೋ ಕಡಿಮೆ. ಗಾಜನ್ನು ತಾಳೆ ನೋಡಿ ಅಂಕ ಕೊಡುವ ಉಮೇದು ನನಗಿಲ್ಲ. ನಾಲ್ಕು ಮಂದಿ ದುಡ್ಡು ಕೂಡಿಸಿ ಕೊಂಡ ಲೆನ್ಸ್ ಊರಲ್ಲೇ ಇದ್ದರೆ ಬಾಡಿಗೆಯ ಮೀಟರು ಓಡುವುದಿಲ್ಲ, ಅಜ್ಜಿಯ ರೊಟ್ಟಿ ಮುಗಿಯುವವರೆಗೆ ಕೂರಬಹುದು. ನನಗೆ ಅದು ದೊಡ್ಡದು.

ಅವರಲ್ಲೊಬ್ಬ ಮಸ್ಕಿಯವನು, ಕೈ ಬಹಳ ಚೆನ್ನಾಗಿದೆ. ಟೇಪ್ ಹಿಡಿಯುವುದಕ್ಕೆ ಬೇಸರಪಡುವುದಿಲ್ಲ, ಕೇಳಿಸಿಕೊಳ್ಳುವ ತಾಳ್ಮೆಯಿದೆ. ಮುಂದಿನ ಮೊಹರಮಿಗೆ ಮುದಗಲ್ಲಿನಲ್ಲಿ ತನ್ನದೇ ಕಿರುಚಿತ್ರ ತೆಗೆಯುತ್ತಾನೆ, ಫೋಕಸಿಗೆ ನಾನೇ ಬರಬೇಕೆಂದು ಈಗಲೇ ಹೇಳಿಟ್ಟಿದ್ದಾನೆ. ಕುಣಿಯ ಸುತ್ತ 35 ಮತ್ತು 50 ಎರಡೇ ಸಾಕು, ಬೆಂಕಿಯ ಬೆಳಕಿನಲ್ಲಿ 85 ಹಾಕಿದರೆ ಹೆಜ್ಜೆ ಕೈಗೆ ಸಿಗುವುದಿಲ್ಲ ಎಂದು ನಾನು. "ಇಲ್ಲಣ್ಣ, ಹಲಗಿ ಬಡಿಯೋ ಮುತ್ಯಾನ ಕಣ್ಣು ಬೇಕು ನನಗ, 85 ಬಿಡಂಗಿಲ್ಲ" ಎಂದು ಅವನು. ಮುತ್ಯಾ ಹಲಗೆ ಬಡಿಯುವಾಗ ಎಷ್ಟು ಮುಂದೆ ಬಾಗುತ್ತಾನೆ, ಯಾವ ಪೆಟ್ಟಿಗೆ ತಲೆ ಎತ್ತುತ್ತಾನೆ ಎಂದು ನೋಡಿಕೊಂಡು ಬರಲು ಬರುವ ಭಾನುವಾರ ಇಬ್ಬರೂ ಅವನ ಮನೆಗೆ ಹೋಗುವವರಿದ್ದೇವೆ.